ಜಬೂಜಾನ ಕತ್ತಿಗೆ ಬಿದಿರ ದಬ್ಬೆ

ದೇವನೂರು,
ನಂಜನಗೂಡು ತಾಲ್ಲೂಕು

ಪ್ರೀತಿಯ ಗೆಳತಿಗೆ,

ಕಾಗದ ತಲುಪಿತು. ಬೆಂಗಳೂರಿನ ಕಾಮಿಕ್ ಕಾನ್ ಮೇಳಕ್ಕೆ ‘ನರುಟೊ’ ಕಾರ್ಟೂನಿನ ಜಬೂಜಾನ ವೇಷದಲ್ಲೇ ಹೋಗುವುದೆಂದು ಮಗ ಹಟ ಹಿಡಿದಿದ್ದಾನೆ, ಆ ಆಳೆತ್ತರದ ಕತ್ತಿಯನ್ನು ಬಡಗಿಗೆ ಹೇಳಿ ಪ್ಲೈವುಡ್‌ನಲ್ಲಿ ಕೊಯ್ಯಿಸಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ನಾಲ್ಕಡಿ ಉದ್ದ, 20 ಸೆಂ.ಮೀ. ಅಗಲದ ಅಲಗು 12 ಮಿ.ಮೀ. ಪ್ಲೈವುಡ್‌ನಲ್ಲಾದರೆ ಸುಮಾರು ಒಂದೂಮುಕ್ಕಾಲು ಕಿಲೋ ತೂಗುತ್ತದೆ. ಕೈಯಲ್ಲಿ ಹಿಡಿದಾಗ ಅಷ್ಟೇ ಅನ್ನಿಸಬಹುದು. ತುದಿ ಎತ್ತಿ ಫೋಟೋಗೆ ನಿಂತಾಗ ಮಣಿಕಟ್ಟಿಗೆ ಗೊತ್ತಾಗುತ್ತದೆ. ಅದೇ ಅಳತೆಯನ್ನು 10 ಮಿ.ಮೀ. ಇವಿಎ ಫೋಮ್‌ನಲ್ಲಿ ಎರಡು ಪದರ ಕೂಡಿಸಿ ಮಾಡಿದರೂ ಅರ್ಧ ಕಿಲೋದ ಆಸುಪಾಸು. ಮೇಲಾಗಿ ಇಂಥ ಕಡೆ ಬಾಗಿಲಲ್ಲೇ ಆಯುಧಗಳನ್ನು ತಪಾಸಣೆ ಮಾಡುತ್ತಾರೆ. ಲೋಹದ ಅಲಗಂತೂ ಒಳಗೆ ಹೋಗುವುದಿಲ್ಲ.

ಇವಿಎ ಅಂದರೆ ದೊಡ್ಡ ವಿಷಯವೇನಲ್ಲ. ಮಕ್ಕಳು ಆಡಲೆಂದು ನೆಲಕ್ಕೆ ಹಾಸುವ, ಒಂದಕ್ಕೊಂದು ಹಲ್ಲು ಕಚ್ಚಿಸಿ ಜೋಡಿಸುವ ಬಣ್ಣದ ಮ್ಯಾಟುಗಳು ಹೆಚ್ಚಾಗಿ ಅದರವೇ. ಫೋಮ್ ತಾನಾಗಿ ನೆಟ್ಟಗೆ ನಿಲ್ಲುವುದಿಲ್ಲ, ಒಳಗೊಂದು ಬೆನ್ನೆಲುಬು ಬೇಕು. ಪಿವಿಸಿ ಪೈಪು ಹಾಕಿ ಎನ್ನುವವರಿದ್ದಾರೆ, ಆದರೆ ಚಪ್ಪಟೆ ಅಲಗಿನಲ್ಲಿ ಪೈಪು ಉಬ್ಬಿ ಕಾಣುತ್ತದೆ. ನಿಮ್ಮ ನರಸೀಪುರದ ಕಡೆ ಮೊರ, ಬುಟ್ಟಿ ಹೆಣೆಯುವ ಮೇದರ ಹತ್ತಿರ ಒಂದು ಬಿದಿರ ದಬ್ಬೆ ಸೀಳಿಸಿಕೊಳ್ಳಿ.

ದಸರಾ ಮೆರವಣಿಗೆಯ ಗಾರುಡಿ ಗೊಂಬೆ ನೋಡಿದ್ದೀರಲ್ಲ? ಆಳಿಗಿಂತ ಎಷ್ಟೋ ಎತ್ತರ, ದಪ್ಪ ಮೀಸೆ, ಕುಣಿದರೆ ಬೀದಿ ತುಂಬುತ್ತದೆ. ಒಳಗಿರುವುದು ಬಿದಿರ ಹೆಣಿಗೆ, ಮೇಲೆ ಬಟ್ಟೆ. ಹೊತ್ತವನು ಕಿಂಡಿಯಿಂದ ದಾರಿ ನೋಡುತ್ತಾ ಭಾರವನ್ನೆಲ್ಲ ಹೆಗಲಿಗೆ ಬಿಟ್ಟಿರುತ್ತಾನೆ. ಮಗನ ಕತ್ತಿಗೂ ಬೆನ್ನಿಗೆ ನೇತುಹಾಕುವ ಪಟ್ಟಿ ಹೊಲಿಯಿರಿ. ನಡೆಯುವಾಗ ಬೆನ್ನಿಗೆ, ಫೋಟೋಗೆ ಮಾತ್ರ ಕೈಗೆ. ನಮ್ಮ ಹಳ್ಳಿಗಳ ‘ಕುರುಕ್ಷೇತ್ರ’ ನಾಟಕದಲ್ಲಿ ಬೆಳಗಿನ ಜಾವದವರೆಗೂ ಗದೆ ತಿರುಗಿಸುವ ಭೀಮ ಕಬ್ಬಿಣದ್ದನ್ನು ಹಿಡಿದಿದ್ದರೆ ಎರಡನೇ ಅಂಕಕ್ಕೇ ಕೂತುಬಿಡುತ್ತಿದ್ದ. ಆ ಬೇಗಡೆ ಹಚ್ಚಿದ ರಟ್ಟಿನ ಕಿರೀಟಗಳನ್ನು ನೋಡಿ ನಗುವವರೇ ಕಾಸ್‌ಪ್ಲೇ ವೇಷ ಎಂದರೆ ಕಣ್ಣರಳಿಸುತ್ತಾರೆ, ಇರಲಿ.

ಈಗ ಕೆಲಸಕ್ಕೆ ಬನ್ನಿ. ಮೊದಲು ಹಳೇ ಪೇಪರುಗಳನ್ನು ಅಂಟಿಸಿ ಕತ್ತಿಯ ನಕ್ಷೆ ಬರೆಯಿರಿ. ತುದಿಯ ಹತ್ತಿರ ದುಂಡನೆ ತೂತು, ಹಿಡಿಯ ಹತ್ತಿರ ಅರ್ಧಚಂದ್ರದ ಕಚ್ಚು, ಇವೆರಡನ್ನು ಮರೆತರೆ ಅದು ಜಬೂಜಾನ ಕತ್ತಿಯೇ ಅಲ್ಲ. ತುದಿಯ ತೂತಿನಿಂದ ಭಾರ ಇಳಿಯುವುದು ಬೇರೆ ಲಾಭ. ಫೋಮ್ ಕೊಯ್ಯುವಾಗ ಒಂದೇ ಸಲ ಒತ್ತಬೇಡಿ, ಎರಡು ಮೂರು ಸಲ ಮೆಲ್ಲಗೆ ಎಳೆಯಿರಿ. ಅಂಚು ಕಿತ್ತುಕೊಂಡಂತೆ ಬಂದರೆ ಬ್ಲೇಡ್ ಮೊಂಡಾಗಿದೆ ಎಂದೇ ಅರ್ಥ. ಫೋಮ್ ಬ್ಲೇಡಿನ ಹರಿತವನ್ನು ಬೇಗ ತಿನ್ನುತ್ತದೆ.

ಅಂಟಿಗೆ ಚಪ್ಪಲಿ ರಿಪೇರಿಯವರು ಬಳಸುವ ಹಳದಿ ಗಮ್ ಸಾಕು. ಎರಡು ಪದರಗಳಿಗೂ, ದಬ್ಬೆಗೂ ತೆಳುವಾಗಿ ಸವರಿ ಹತ್ತು ನಿಮಿಷ ಬಿಡಿ. ಬೆರಳು ಮುಟ್ಟಿಸಿದರೆ ಜಿಗುಟಿರಬೇಕು, ಬೆರಳಿಗೆ ಹತ್ತಬಾರದು. ಆಮೇಲೆ ದಬ್ಬೆಯನ್ನು ನಡುವೆ ಇಟ್ಟು ಒತ್ತಿ. ಒಮ್ಮೆ ಕಚ್ಚಿಕೊಂಡರೆ ಸರಿಸಲಾಗದು, ಆದ್ದರಿಂದ ಹಿಡಿಯ ಕಡೆಯಿಂದ ಶುರುಮಾಡಿ. ವಾಸನೆ ತಲೆಗೇರುತ್ತದೆ, ಜಗುಲಿಯಲ್ಲೇ ಮಾಡಿ. ಇದೇ ಗಮ್ಮನ್ನು ಥರ್ಮಕೋಲ್‌ಗೆ ಹಚ್ಚಿದರೆ ಕರಗಿಹೋಗುತ್ತದೆ. ಅದಕ್ಕೆ ಫೆವಿಕಾಲ್ ಹಚ್ಚಬೇಕು.

ನೇರ ಬಣ್ಣ ಬಳಿದರೆ ಫೋಮ್ ಕುಡಿದುಬಿಡುತ್ತದೆ. ಆದ್ದರಿಂದ ಮೊದಲು ಹೀಟ್ ಗನ್ ದೂರದಿಂದ ಆಡಿಸಿ, ಮೇಲ್ಮೈಗೆ ಸಣ್ಣ ಹೊಳಪು ಬಂದೊಡನೆ ನಿಲ್ಲಿಸಿ. ನೀರು ಬೆರೆಸಿದ ಫೆವಿಕಾಲ್ ಒಂದರ ಮೇಲೊಂದು ಮೂರು ಸಲ ಬಳಿದು ಒಣಗಿಸಿ. ಅದರ ಮೇಲೆ ಕಪ್ಪು ಅಕ್ರಿಲಿಕ್. ಬೆಳ್ಳಿ ಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ಬಟ್ಟೆಗೆ ಒರೆಸಿ, ಹೆಚ್ಚೂಕಡಿಮೆ ಒಣಗಿದ ಮೇಲೆ ಅಂಚಿಗೆ ತೀಡಿ. ಕಬ್ಬಿಣ ಕಾಣುವುದು ಆಗಲೇ. ಗೇಟಿಗೆ ಹೊಡೆಯುವ ಎಣ್ಣೆ ಪೇಂಟು ಬೇಡ, ಫೋಮ್ ಬಾಗಿದ ಕಡೆ ಸಿಪ್ಪೆಯೇಳುತ್ತದೆ.

ಜಬೂಜಾನಂತೆ ಮುಖಕ್ಕೆ ಸುತ್ತಲು ಮೆಡಿಕಲ್ ಅಂಗಡಿಯ ಬ್ಯಾಂಡೇಜ್ ಸಾಕು, ಮೂಗಿನ ಹತ್ತಿರ ಸಡಿಲವಿರಲಿ.

ಚಿಕ್ಕವಳಿಗೆ ‘ಡೆಮನ್ ಸ್ಲೇಯರ್’ನ ನೆಜುಕೊ ಆಗುವ ಆಸೆ ಎಂದಿರಲ್ಲ. ನೆಜುಕೊ ಬಾಯಿಗಿಡುವ ಬಿದಿರಿನ ತುಂಡನ್ನು ನಿಜ ಬಿದಿರಿನಲ್ಲಿ ಮಾಡಬೇಡಿ, ಸಿಬಿರು ತುಟಿಗೆ ಚುಚ್ಚುತ್ತದೆ. ಡ್ರಾಯಿಂಗ್ ಶೀಟನ್ನು ಕೊಳವೆಯಂತೆ ಸುತ್ತಿ, ಗಿಣ್ಣಿರುವ ಕಡೆ ಹುರಿ ಸುತ್ತಿ ಹಸಿರು ಬಳಿಯಿರಿ. ತುಟಿಗೆ ತಾಗುವ ಬದಿಗೆ ಬಣ್ಣವಿಲ್ಲದೆ ಬಿಳಿ ಬಟ್ಟೆ ಅಂಟಿಸಿ. ಅದನ್ನು ಕಟ್ಟುವ ರಿಬ್ಬನ್ನಿಗೆ ಎಳೆದರೆ ಬಿಚ್ಚುವ ಜಾರುಗಂಟು ಹಾಕಿ, ಅವಳಿಗೆ ಗಳಿಗೆಗೊಮ್ಮೆ ಬಾಯಾರುತ್ತದೆ.

ಇಂತಿ ನಿಮ್ಮ,
ದೇವನೂರಿನ ಗೆಳತಿ