ಅರ್ಧ ಪರೀಕ್ಷೆ

ಆ ಉಗುರಿನ ಚೂರು ಕಲ್ಯಾಣದ ಮಾರುಕಟ್ಟೆಯಲ್ಲಿ ಹೂ ಮಾರುವ ಹೆಂಗಸೊಬ್ಬರದು. ಮಳೆಗಾಲವಿಡೀ ಒದ್ದೆ ನೆಲದಲ್ಲಿ ನಿಂತು ಅವರ ಹೆಬ್ಬೆರಳಿನ ಉಗುರು ದಪ್ಪಗಾಗಿ ಹಳದಿಗಟ್ಟಿತ್ತು. ಶಿಲೀಂಧ್ರವೋ ಸೋರಿಯಾಸಿಸ್ಸೋ ಎಂದು ನಮ್ಮ ಲ್ಯಾಬ್ ಹೇಳಬೇಕಿತ್ತು. ಸ್ಲೈಡಿಗೆ ಬಣ್ಣ ಹಾಕುವವನು ನಾನು. ಡೊಂಬಿವಲಿಯಿಂದ ಲೋಕಲ್ ಹಿಡಿದು ಆ ಕೆಲಸಕ್ಕೆ ಹೋಗುತ್ತಾ ಹನ್ನೊಂದು ವರ್ಷವಾಗಿತ್ತು.

ಬಣ್ಣದ ಹೆಸರು ಪಿಎಎಸ್. ಮೊದಲು ಪರ್‌ಅಯೋಡಿಕ್ ಆಮ್ಲ, ಆಮೇಲೆ ಶಿಫ್ ದ್ರಾವಣ. ಶಿಲೀಂಧ್ರದ ಗೋಡೆಯಲ್ಲಿ ಸಕ್ಕರೆಯ ಸರಪಳಿಗಳಿರುತ್ತವೆ. ಅಕ್ಕಪಕ್ಕದ ಎರಡು ಇಂಗಾಲಗಳ ಮೇಲೆ ಒಂದೊಂದು ಹೈಡ್ರಾಕ್ಸಿಲ್ ಕೂತಿದ್ದರೆ, ಈ ಆಮ್ಲ ಆ ಇಂಗಾಲಗಳ ನಡುವಿನ ಬಂಧವನ್ನೇ ಹುಡುಕಿ ಕತ್ತರಿಸುತ್ತದೆ. ಕತ್ತರಿಸಿದ ತುದಿಗಳು ಆಲ್ಡಿಹೈಡ್ ಆಗುತ್ತವೆ; ಶಿಫ್ ಅವನ್ನು ಹಿಡಿದು ಕೆನ್ನೇರಳೆಗೆ ತಿರುಗುತ್ತದೆ. ಫ್ರಾನ್ಸಿನ ಮಲಾಪ್ರಾಡ್ 1928ರಲ್ಲಿ ತೋರಿಸಿದ ಈ ಕತ್ತರಿಯನ್ನು 1946ರಲ್ಲಿ ಮ್ಯಾಕ್‌ಮಾನಸ್ ಅಂಗಾಂಶಗಳಿಗೆ ಬಳಸಿದರು. ಇಷ್ಟು ನಾಜೂಕಾಗಿ ಕೆಲಸ ಮಾಡುವ ಇನ್ನೊಂದು ಆಮ್ಲವನ್ನು ನಾನು ಕೈಯಾರೆ ಬಳಸಿಲ್ಲ.

ಅಂದು ಶಿಫ್ ಹಳತಾಗಿದೆಯೇನೋ ಎಂದು ಫಾರ್ಮಲಿನ್‌ಗೆ ನಾಲ್ಕು ಹನಿ ಬಿಟ್ಟು ನೋಡಿದೆ. ತಕ್ಷಣ ನೇರಳೆ. ಸರಿಯಿದೆ ಎಂದುಕೊಂಡೆ. ಫಾರ್ಮಲಿನ್‌ನಲ್ಲಿ ಆಲ್ಡಿಹೈಡ್ ಸಿದ್ಧವಾಗಿಯೇ ಇರುತ್ತದೆ. ಉಗುರಿನಲ್ಲಿ ಅದನ್ನು ಹುಟ್ಟಿಸಬೇಕಾದ ಆಮ್ಲದ ಬಗ್ಗೆ ಆ ಪರೀಕ್ಷೆ ಏನೂ ಹೇಳುವುದಿಲ್ಲ. ಕಂದು ಬಾಟಲಿಯಲ್ಲಿ, ಫ್ರಿಜ್ಜಿನಲ್ಲಿ ಇರಬೇಕಾದ ಆ ಆಮ್ಲ ತಿಂಗಳುಗಳಿಂದ ಕಿಟಕಿ ಪಕ್ಕದ ಬಿಳಿ ಬಾಟಲಿಯಲ್ಲಿತ್ತು. ಬೆಳಕು ತಾಗಿದರೆ ಅದು ಮೆಲ್ಲಗೆ ಆಮ್ಲಜನಕ ಕಳೆದುಕೊಂಡು ಅಯೋಡಿಕ್ ಆಮ್ಲವಾಗುತ್ತದೆ. ಅದರ ಲವಣವಾದ ಪೊಟ್ಯಾಸಿಯಂ ಅಯೋಡೇಟ್ ನಮ್ಮ ಅಡುಗೆ ಉಪ್ಪಿನಲ್ಲಿ ಎಷ್ಟೋ ಗಂಟಲುಗಳನ್ನು ಕಾಯುತ್ತಿದೆ. ಆದರೆ ಸಕ್ಕರೆಯ ಆ ಬಂಧವನ್ನು ಕತ್ತರಿಸಲು ಅಯೋಡಿಕ್ ಆಮ್ಲಕ್ಕೆ ಬರುವುದಿಲ್ಲ. ಕಣ್ಣಿಗೆ ಎರಡೂ ತಿಳಿನೀರೇ.

ಶಿಲೀಂಧ್ರ ಇದೆಯೆಂದು ಗೊತ್ತಿರುವ ಹಳೆಯ ಬ್ಲಾಕಿನ ಒಂದು ಸ್ಲೈಡನ್ನು ಕಂಟ್ರೋಲ್ ಆಗಿ ಜೊತೆಗೇ ಹಾಕಿದ್ದರೆ ಅಂದೇ ತಿಳಿಯುತ್ತಿತ್ತು. ಹಾಕಲಿಲ್ಲ. ಟ್ರೇ ತುಂಬಿತ್ತು, ಸಂಜೆಯಾಗಿತ್ತು. "ಕಂಟ್ರೋಲ್ ಸರಿ ಬಂದಿದೆಯಾ?" ಎಂದು ಡಾಕ್ಟರು ಕೇಳಿದರು. "ಹೌದು ಮ್ಯಾಡಂ" ಎಂದೆ. ಶಿಫ್ ಸರಿಯಿದೆ ಎಂಬ ಅರ್ಥದಲ್ಲಿ ಹೇಳಿದ್ದು ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ಅವರು ಕೇಳಿದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಶಿಲೀಂಧ್ರವಿಲ್ಲ ಎಂದು ವರದಿ ಹೋಯಿತು. ಸೋರಿಯಾಸಿಸ್ ಎಂದು ಸ್ಟೀರಾಯ್ಡ್ ಮುಲಾಮು ಶುರುವಾಯಿತು. ಮೂರು ತಿಂಗಳ ನಂತರ ಪಕ್ಕದ ಬೆರಳಿನ ಉಗುರೂ ನಮ್ಮಲ್ಲಿಗೆ ಬಂತು.

ಆ ದಿನ 100 ಮಿ.ಲೀ. ನೀರಿಗೆ ಅರ್ಧ ಗ್ರಾಂ ಹೊಸ ಆಮ್ಲ ಕರಗಿಸಿ, ಹೊಸ ಚೂರಿನ ಜೊತೆ ಆಕೆಯ ಮೊದಲ ಚೂರಿನ ಬ್ಲಾಕನ್ನೂ ಮತ್ತೆ ಕತ್ತರಿಸಿ ಬಣ್ಣ ಹಾಕಿದೆ. ನಾನು ಇಲ್ಲ ಎನಿಸಿದ್ದ ಎಳೆಗಳು ಕೆನ್ನೇರಳೆಯಾಗಿ ಉಗುರಿನುದ್ದಕ್ಕೂ ಹರಡಿದ್ದವು. ಸ್ಲೈಡನ್ನು ಮ್ಯಾಡಂ ಮುಂದಿಟ್ಟು ಎಲ್ಲ ಹೇಳಿದೆ.

ತಿದ್ದಿದ ವರದಿ ಒಯ್ಯಲು ಆಕೆಯೇ ಬಂದರು, ಬೆರಳಿಗೆ ಬಟ್ಟೆ ಸುತ್ತಿಕೊಂಡು. ತಪ್ಪು ನನ್ನದು ಎಂದು ಮರಾಠಿಯಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಕಾಗದವನ್ನೇ ನೋಡಿದರು. "ಇನ್ನು ಔಷಧಿ ಬದಲಾಗುತ್ತದಲ್ಲ?" ಎಂದಷ್ಟೇ ಕೇಳಿದರು.