ಹದಿನೇಳು ಶನಿವಾರ

ನಮ್ಮ ಪಂಚಾಂಗಕ್ಕೆ ಅಂಗಗಳು ಐದೇ: ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಪಶ್ಚಿಮದವರು ಇದಕ್ಕೆ ಆರನೆಯದೊಂದನ್ನು ಸೇರಿಸಿಕೊಟ್ಟಿದ್ದಾರೆ. ಅದರ ಹೆಸರು ವಾರಾಂತ್ಯ. ಮಾತು ನಮ್ಮದು, ಸರಕು ಆಮದಾದದ್ದು. ನಮ್ಮ ಹಿರಿಯರಿಗೆ ವಾರವೆಂಬುದು ಗಾಲಿಯಂತೆ ಉರುಳುವ ವಸ್ತು. ಗಾಲಿಗೆ ಅಂತ್ಯವೆಲ್ಲಿಂದ ಬರಬೇಕು? ಅವರ ಬಿಡುವೆಲ್ಲ ಹಬ್ಬ, ಜಾತ್ರೆ, ಮದುವೆಗಳ ನೆಪದಲ್ಲಿ ಬರುತ್ತಿತ್ತು. ಬಂದಾಗ ನೆಂಟರೊಡನೆ ಬರುತ್ತಿತ್ತು. ಶುಕ್ರವಾರ ಸಂಜೆ ತೆರೆದು ಭಾನುವಾರ ರಾತ್ರಿ ಮುಚ್ಚುವ, ಎರಡೇ ದಿನ ಹಿಡಿಸುವ ಈ ಖಾಲಿ ಪೆಟ್ಟಿಗೆಯಲ್ಲಿ ಏನನ್ನು ತುಂಬಬೇಕೆಂಬುದು ನಮ್ಮ ಮಕ್ಕಳ ಹೊಸ ಸಮಸ್ಯೆ.

ಈ ಸಮಸ್ಯೆಯನ್ನು ನಾನು ಹತ್ತಿರದಿಂದ ಕಂಡದ್ದು ನನ್ನ ವಿದ್ಯಾರ್ಥಿನಿಯೊಬ್ಬಳ ಮೂಲಕ. ವಿಜ್ಞಾನದ ಹುಡುಗಿ, ಕನ್ನಡವನ್ನು ಭಾಷಾ ವಿಷಯವಾಗಿ ನನ್ನಲ್ಲಿ ಓದಿದವಳು. ತಂದೆ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರು. ವಿನಿಮಯ ಯೋಜನೆಯೊಂದರಲ್ಲಿ ಅವಳಿಗೆ 2024ರ ಚಳಿಗಾಲದ ಸೆಮಿಸ್ಟರನ್ನು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದುವ ಅವಕಾಶ ದೊರೆಯಿತು. ವಿನಿಮಯದಲ್ಲಿ ಹೋದವರಿಗೆ ಅಲ್ಲಿ ಕಲಿಕೆಯ ಶುಲ್ಕವಿಲ್ಲ. ಆದರೆ ಊಟಕ್ಕೆ, ಬಾಡಿಗೆಗೆ ಹಣವುಂಟೆಂದು ಮೊದಲೇ ತೋರಿಸಬೇಕು. ಆ ವರ್ಷ ನಿಗದಿಯಾಗಿದ್ದದ್ದು ತಿಂಗಳಿಗೆ 992 ಯೂರೋ. ಮನೆಯ ಪತ್ರವಿಟ್ಟು ಸಾಲ ತಂದು ಆ ಹಣವನ್ನು ಅಲ್ಲಿಯ ಖಾತೆಯೊಂದರಲ್ಲಿ ತುಂಬಿದ್ದಾಯಿತು. ಹಣ ನಮ್ಮದೇ, ಆದರೆ ಖಾತೆ ತಿಂಗಳಿಗೆ ಇಷ್ಟೆಂದು ಅಳೆದು ಕೊಡುತ್ತದೆ, ಹಳೆಯ ಕಾಲದ ಅತ್ತೆ ಉಗ್ರಾಣದಿಂದ ಅಕ್ಕಿ ಅಳೆದು ಕೊಟ್ಟಂತೆ.

ಪಾಠಗಳು ಅಕ್ಟೋಬರ್ ಮಧ್ಯದಿಂದ ಫೆಬ್ರವರಿಯ ಆರಂಭದವರೆಗೆ. ಹೊರಡುವ ಮುನ್ನವೇ ಅವಳು ಲೆಕ್ಕ ಹಾಕಿದ್ದಳು: ನಡುವೆ ಬರುವ ಶನಿವಾರಗಳು 17. ಕಾಗದದ ಮೇಲೆ ಹದಿನೇಳು ಮನೆ ಬರೆದು, ಒಂದೊಂದರಲ್ಲೂ ಒಂದೊಂದು ಊರು ತುಂಬಿದ್ದಳು: ಪ್ಯಾರಿಸ್, ಪ್ರಾಗ್, ವಿಯೆನ್ನಾ, ರೋಮ್, ವೆನಿಸ್, ಆಮ್‌ಸ್ಟರ್‌ಡಾಂ, ಮ್ಯೂನಿಕ್. ಅದನ್ನು ತಂದು ನನಗೆ ತೋರಿಸಿ, "ನೋಡಿ ಸರ್, ಎಲ್ಲಿಯಾದರೂ ಬಿಟ್ಟಿದ್ದೇನೆಯೇ?" ಎಂದಳು. ಭೂಪಟ ಬಿಟ್ಟು ಬೇರೆಲ್ಲಿಯೂ ಯೂರೋಪನ್ನು ಕಾಣದ ನನ್ನನ್ನು ಕೇಳುವುದೇ! ಆದರೂ ಮೇಷ್ಟರಾದವನು ಸುಮ್ಮನಿರಲಾರ. ನಾನು ಪಟ್ಟಿಯ ಕೆಳಗೆ ಮೂರು ಹೆಸರು ಬರೆದೆ: ಕಾಲ್ವ್, ಎಸ್ಲಿಂಗನ್, ಬಾಸೆಲ್.

ಏಕೆಂದು ಓದುಗರು ಊಹಿಸಿರಬಹುದು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್ ತೀರಿಕೊಂಡದ್ದು 1881ರಲ್ಲಿ, ಎಸ್ಲಿಂಗನ್‌ನಲ್ಲಿ. ಮಲಯಾಳದ ನಿಘಂಟುಕಾರ ಗುಂಡರ್ಟ್ ಕೊನೆಯ ದಿನಗಳನ್ನು ಕಳೆದದ್ದು ಕಾಲ್ವ್‌ನಲ್ಲಿ. ತಲಶ್ಶೇರಿಯಲ್ಲಿ ಹುಟ್ಟಿದ ಅವನ ಮಗಳ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ಮೋಗ್ಲಿಂಗ್, ಗುಂಡರ್ಟ್ ಇಬ್ಬರೂ ದುಡಿದ ಮಿಶನ್ 1815ರಲ್ಲಿ ಹುಟ್ಟಿದ್ದು ಬಾಸೆಲ್‌ನಲ್ಲಿ. ಇನ್ನು ಟ್ಯೂಬಿಂಗನ್ನೇ ನಮಗೆ ನೆಂಟರ ಊರು. ನಮ್ಮ ಕಿಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಅಲ್ಲಿಯ ವಿಶ್ವವಿದ್ಯಾಲಯ. 1903ರಲ್ಲಿ ಆತ ಕಣ್ಣು ಮುಚ್ಚಿದ್ದೂ ಆ ಊರಿನಲ್ಲೇ. ಹುಡುಗಿ ನನ್ನ ಮೂರು ಹೆಸರುಗಳನ್ನು ವಿನಯದಿಂದ ನೋಡಿ ಕಾಗದ ಮಡಿಸಿಕೊಂಡಳು. ಅವಳ ಶನಿವಾರಗಳು ಅವಳವು, ನಾನು ಒತ್ತಾಯಿಸಲಿಲ್ಲ.

ಪಟ್ಟಿ ಮನೆಯಲ್ಲಿಯೂ ಓದಿಸಿಕೊಂಡಿತು. ತಂದೆ, "ಎಲ್ಲಾ ನೋಡಿಕೊಂಡು ಬಾ, ಮತ್ತೆ ಯಾವಾಗ ಹೋಗ್ತೀಯ?" ಎಂದರು. ತಾಯಿ, "ಎಲ್ಲಿಗೂ ಹೋಗಬೇಡ, ಓದಿಕೊಂಡು ಬಾ" ಎಂದರು. ಅಜ್ಜಿ ಮಾತ್ರ ಪಟ್ಟಿಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದರು. ಶನಿವಾರ ಪೂರ್ವಕ್ಕೆ ವಾರಶೂಲೆ, ಭಾನುವಾರ ಪಶ್ಚಿಮಕ್ಕೆ. ಪ್ರಾಗ್, ವಿಯೆನ್ನಾ, ಮ್ಯೂನಿಕ್ ಮೂರೂ ಟ್ಯೂಬಿಂಗನ್‌ಗೆ ಪೂರ್ವದಲ್ಲಿವೆ. ಶನಿವಾರ ಹೋಗುವಂತಿಲ್ಲ, ಹೋದರೂ ಭಾನುವಾರ ಹಿಂದಿರುಗುವಂತಿಲ್ಲ! ಪ್ಯಾರಿಸ್ ಪಶ್ಚಿಮಕ್ಕಿದೆ, ಹೋಗುವುದಕ್ಕೂ ಬರುವುದಕ್ಕೂ ಅಡ್ಡಿಯಿಲ್ಲ. ಹೀಗೆ ಆ ವಿಲಾಸನಗರಿಗೆ ಮಾತ್ರ ತಿಪಟೂರಿನ ಅಜ್ಜಿಯ ಅಪ್ಪಣೆ ದೊರೆಯಿತು.

ಇಂದು ಯೂರೋಪಿನಲ್ಲಿ ತಿರುಗಾಡುವುದು ಸುಲಭವೆನ್ನುತ್ತಾರೆ, ನಿಜ. ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೋಸೆಲ್ ನದಿಯಲ್ಲಿ ನಿಂತ ಹಡಗೊಂದರ ಮೇಲೆ, 1985ರ ಜೂನ್‌ನಲ್ಲಿ ಐದು ದೇಶಗಳು ಕೂಡಿ ತಮ್ಮ ನಡುವಣ ಗಡಿಯ ತಪಾಸಣೆ ಬೇಡವೆಂದು ಒಪ್ಪಿಕೊಂಡವು. 1995ರಲ್ಲಿ ಅದು ಜಾರಿಗೆ ಬಂತು. ಜರ್ಮನಿಯ ದೀರ್ಘಾವಧಿ ವೀಸಾ ಇದ್ದವರು 180 ದಿನಗಳಲ್ಲಿ 90 ದಿನ ಈ ಒಕ್ಕೂಟದ ಬೇರೆ ದೇಶಗಳಲ್ಲಿ ಸುತ್ತಬಹುದು. ಜರ್ಮನಿಯೊಳಗಂತೂ ತಿಂಗಳಿಗೆ ಒಂದೇ ಟಿಕೆಟ್ಟು: 2023ರ ಮೇ ತಿಂಗಳಲ್ಲಿ 49 ಯೂರೋಗಳಿಗೆ ಶುರುವಾಗಿ 2025ರಲ್ಲಿ 58ಕ್ಕೆ ಏರಿತು, ವಿದ್ಯಾರ್ಥಿಗಳಿಗೆ ಅದಕ್ಕಿಂತ ಅಗ್ಗ. ಊರಿನ ಬಸ್ಸಿನಲ್ಲೂ ಸಣ್ಣ ರೈಲುಗಳಲ್ಲೂ ಅದು ನಡೆಯುತ್ತದೆ. ವೇಗದ ರೈಲುಗಳಲ್ಲಿ ನಡೆಯುವುದಿಲ್ಲ. ಜರ್ಮನ್ ರೈಲಿನ ಸಮಯಪಾಲನೆಯನ್ನು ಗಾದೆಯಂತೆ ನಂಬಿದ ನಮಗೆ ಇನ್ನೊಂದು ಸಮಾಚಾರ: 2024ರಲ್ಲಿ ಅಲ್ಲಿಯ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದವು ನೂರಕ್ಕೆ ಸುಮಾರು 62 ಮಾತ್ರ. ಇದನ್ನು ಕೇಳಿ ನನಗೇಕೋ ಆ ದೇಶದ ಮೇಲೆ ಆತ್ಮೀಯತೆ ಹೆಚ್ಚಾಯಿತು.

ಮೊದಲ ವಾರಗಳಲ್ಲಿ ಅವಳಿಂದ ಬಂದದ್ದು ಉತ್ಸಾಹದ ಸಂದೇಶಗಳು. ಗೆಳತಿಯರೊಡನೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಪ್ಯಾರಿಸ್ಸಿಗೆ ಹೋಗಿ ಬಂದಳು. ಐಫೆಲ್ ಗೋಪುರದ ವಿಷಯ ಒಂದು ವಾಕ್ಯ, ಮರಗಟ್ಟಿದ ಪಾದಗಳ ವಿಷಯ ನಾಲ್ಕು. ಅಕ್ಟೋಬರ್ 27ರ ಭಾನುವಾರ ಅಲ್ಲಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಆ ದಿನಕ್ಕೆ 25 ಗಂಟೆ! ತಿರುಗುವ ಹುಚ್ಚಿನವರಿಗೆ ಇದಕ್ಕಿಂತ ವರ ಬೇಕೆ? ಆದರೆ ಅವಳು ಬರೆದದ್ದು ಹೀಗೆ: "ಸರ್, ನಿನ್ನೆಯವರೆಗೆ ನಮ್ಮ ಮನೆ ಮೂರೂವರೆ ಗಂಟೆ ದೂರವಿತ್ತು. ಇವತ್ತಿನಿಂದ ನಾಲ್ಕೂವರೆ."

ಆಮೇಲೆ ಸ್ವಲ್ಪ ಸ್ವಲ್ಪವಾಗಿ ವಿಷಯ ತಿಳಿಯಿತು. ಅಲ್ಲಿಯ ವಿದ್ಯಾರ್ಥಿಗಳಲ್ಲಿ ಅನೇಕರು ಶುಕ್ರವಾರವೇ ಒಗೆಯುವ ಬಟ್ಟೆಯ ಗಂಟು ಕಟ್ಟಿಕೊಂಡು ತಂತಮ್ಮ ಮನೆಗೆ ಹೊರಟುಬಿಡುತ್ತಾರೆ. ಭಾನುವಾರ ಕಾನೂನಿನಂತೆ ಅಂಗಡಿಗಳು ಮುಚ್ಚಿರುತ್ತವೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಹಾಸ್ಟೆಲಿನ ಉದ್ದನೆಯ ಓಣಿಯಲ್ಲಿ ಒಂದೇ ಬಾಗಿಲ ಕೆಳಗೆ ಬೆಳಕು, ಅದು ಇವಳದು. ಆಗ ನನಗೆ ಹೊಳೆಯಿತು: ಹದಿನೇಳು ಮನೆಗಳ ಆ ಕಾಗದವನ್ನು ಈಗ ತುಂಬುತ್ತಿದ್ದದ್ದು ನೋಡುವ ಆಸೆಯಲ್ಲ, ಭಾನುವಾರದ ಭಯ. ಸೋಮವಾರದವರೆಗೆ ತಾನೊಬ್ಬಳೇ ಎಂಬುದನ್ನು ಮರೆಯಲು ಅವಳಿಗೆ ವಿಯೆನ್ನಾ ಬೇಕಾಗಿತ್ತು. ನವೆಂಬರ್ ಕೊನೆಯಲ್ಲೊಂದು ರಾತ್ರಿ, "ಉಳಿದದ್ದನ್ನು ಬಿಟ್ಟು ಬಂದುಬಿಡಲೇ ಸರ್?" ಎಂದು ಕೇಳಿದಳು. ಹಿಂದೆ ಮನೆಯ ಪತ್ರವಿದೆ, ತಂದೆಯ ಸಾಲವಿದೆ. ಅದು ಅವಳಿಗೂ ಗೊತ್ತು, ಗೊತ್ತಿದ್ದೂ ಕೇಳಿದ್ದಳು.

ಇಂಥ ಪ್ರಶ್ನೆಗೆ ಸಮಾಧಾನದ ಮಾತುಗಳು ಹೊಂದುವುದಿಲ್ಲ. ನಾನು ಅವಳಿಗೆ ಕಿಟೆಲ್‌ನ ಕತೆ ಬರೆದೆ. 1832ರಲ್ಲಿ ಹುಟ್ಟಿದ ಆತ 1853ರಲ್ಲಿ ನಮ್ಮ ನಾಡಿಗೆ ಬಂದಾಗ ಇಪ್ಪತ್ತೊಂದರ ಹರೆಯ, ಅವಳದೇ ವಯಸ್ಸು. ಆತನಿಗೂ ಭಾಷೆ ತಿಳಿಯದ ಊರು, ಒಗ್ಗದ ಹವೆ, ತಿಂಗಳುಗಟ್ಟಲೆ ಬಾರದ ಕಾಗದ ಇದ್ದಿರಬೇಕು. ಆತ ಊರುಗಳನ್ನು ಎಣಿಸದೆ ಮಾತುಗಳನ್ನು ಎಣಿಸಿದ. 1894ರಲ್ಲಿ ಮಂಗಳೂರಿನಿಂದ ನಿಘಂಟು ಹೊರಬಂದಾಗ ಸುಮಾರು 70,000 ಪದಗಳು ಅದರಲ್ಲಿದ್ದವು. "ನೀನು ನಿಘಂಟು ಬರೆಯಬೇಕಿಲ್ಲ. ಬರುವ ಶನಿವಾರ ಆ ಸೀಮೆಯ ಹತ್ತು ಮಾತು ಕಲಿತು ನನಗೆ ಕಳಿಸು, ಸಾಕು" ಎಂದೆ.

ಹತ್ತು ಮಾತಿಗಾಗಿ ಅವಳು ಪ್ರಯೋಗಶಾಲೆಯ ಸಹಪಾಠಿಯೊಬ್ಬಳನ್ನು ಕೇಳಿದಳು. ಆಕೆ, "ಮಾತು ಕಲಿಯಬೇಕಾದರೆ ನನ್ನ ಅಜ್ಜಿಯ ಹತ್ತಿರ ಬಾ" ಎಂದು ಶ್ವೇಬಿಯನ್ ಆಲ್ಬ್ ಬೆಟ್ಟದ ಮೇಲಿನ ತಮ್ಮ ಹಳ್ಳಿಗೆ ಕರೆದೊಯ್ದಳು. ಆ ಊರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಬಂದ ಪತ್ರ ಮಾತ್ರ ಎಲ್ಲಕ್ಕಿಂತ ಉದ್ದವಾಗಿತ್ತು. ಆ ಸೀಮೆಯಲ್ಲಿ ಮನೆಯ ಮುಂದಿನ ದಾರಿಯನ್ನೂ ಮೆಟ್ಟಿಲನ್ನೂ ಸರದಿಯ ಮೇಲೆ ಗುಡಿಸುವ ಹಳೆಯ ಕಟ್ಟಳೆಯುಂಟು. ಕೇರ್‌ವೋಖೆ ಎನ್ನುತ್ತಾರೆ, ಅಂದರೆ ಗುಡಿಸುವ ವಾರ. ಶನಿವಾರ ಬೆಳಿಗ್ಗೆ ಅಲ್ಲಿಯ ಅಜ್ಜಿ ಪೊರಕೆ ಹಿಡಿದು ಹೊರಟಾಗ ಇವಳೂ ಒಂದನ್ನು ಕೈಗೆತ್ತಿಕೊಂಡಳಂತೆ. ಮಧ್ಯಾಹ್ನ ಹಿಟ್ಟನ್ನು ಕುದಿಯುವ ನೀರಿಗೆ ಒತ್ತಿ ಶ್ಪೆಟ್ಸ್‌ಲ ಎಂಬ ತಿಂಡಿ ಮಾಡಿದರಂತೆ, "ನಮ್ಮ ಶಾವಿಗೆಯ ಅಣ್ಣ ಸರ್, ಸ್ವಲ್ಪ ದಡೂತಿ." ಹತ್ತು ಕೇಳಿದ್ದ ಕಡೆ ಮೂವತ್ತೊಂದು ಮಾತು ಕಳಿಸಿದ್ದಳು. ಮರಳಿ ಬರುವ ಪ್ರಶ್ನೆ ಮತ್ತೆ ಏಳಲಿಲ್ಲ. ತಿಪಟೂರಿನ ಅಜ್ಜಿ ಫೋಟೋ ನೋಡಿ, "ಗುಡಿಸಿದ ಮೇಲೆ ರಂಗೋಲಿ ಹಾಕಿದೆಯೋ ಇಲ್ಲವೋ?" ಎಂದು ಮಾತ್ರ ಕೇಳಿದರು.

ಮುಂದಿನ ಶನಿವಾರಗಳು ಹಗುರಾದವು. ಕೆಲವನ್ನು ಅವಳು ಖಾಲಿಯೇ ಬಿಟ್ಟಳು. ನೆಕ್ಕರ್ ನದಿಯ ದಂಡೆಯಲ್ಲಿ, ಕವಿ ಹೋಲ್ಡರ್ಲಿನ್ 1807ರಿಂದ 36 ವರ್ಷ ವಾಸವಾಗಿದ್ದ ಗೋಪುರದ ಎದುರು ಕುಳಿತು ಓದಿದಳು. ಕಾಲ್ವ್‌ಗೆ ಹೋಗಿ ನಾಗೋಲ್ಡ್ ನದಿಯ ಹಳೆಯ ಸೇತುವೆಯ ಮೇಲೆ ನಿಂತಿರುವ ಹೆಸ್ಸೆಯ ಕಂಚಿನ ಪ್ರತಿಮೆಯ ಚಿತ್ರ ಕಳಿಸಿದಳು. ಬಾಸೆಲ್‌ಗೂ ಹೋಗಿಬಂದಳು, ಅಲ್ಲಿ ಸ್ವಿಸ್ ನೆಲದಲ್ಲೇ ಜರ್ಮನ್ ರೈಲಿನ ನಿಲ್ದಾಣವೊಂದಿದೆ, ತಿಂಗಳ ಟಿಕೆಟ್ಟು ಅಲ್ಲಿಯವರೆಗೂ ನಡೆಯುತ್ತದೆ. ಎಸ್ಲಿಂಗನ್ ಉಳಿದೇಹೋಯಿತು, ಮೋಗ್ಲಿಂಗನಲ್ಲಿ ನಾನೇ ಅವಳ ಪರವಾಗಿ ಕ್ಷಮೆ ಕೇಳಿಕೊಂಡಿದ್ದೇನೆ.

ಊರಿಗೆ ಬಂದಾಗ ತಂದೆ, "ಎಷ್ಟು ದೇಶ ನೋಡಿದೆ?" ಎಂದರಂತೆ. ಮೂರು ಎಂದಳಂತೆ. ಇಷ್ಟು ಹಣಕ್ಕೆ ಮೂರೇ ಎಂದು ಅವರ ಲೆಕ್ಕದ ಮನಸ್ಸಿಗೆ ಕೊಂಚ ಕಸಿವಿಸಿಯಾಗಿರಬೇಕು. ಆದರೆ ಲೆಕ್ಕ ಇನ್ನೂ ಮುಗಿದಿಲ್ಲ. ಆ ಬೆಟ್ಟದ ಹಳ್ಳಿಯ ಹುಡುಗಿ ಈಗ ಒಂದು ಸೆಮಿಸ್ಟರ್ ಓದಲು ಬೆಂಗಳೂರಿಗೆ ಬರುವವಳಿದ್ದಾಳೆ. ಹಂಪಿ, ಗೋವಾ, ತಾಜಮಹಲುಗಳನ್ನು ತುಂಬಿದ ಪಟ್ಟಿಯೊಂದನ್ನು ಕಳಿಸಿದ್ದಾಳೆ. ನನ್ನ ವಿದ್ಯಾರ್ಥಿನಿ ಅದರ ಮೊದಲನೆಯ ಶನಿವಾರವನ್ನು ಹೊಡೆದು ತಿಪಟೂರು ಎಂದು ಬರೆದಿದ್ದಾಳೆ. ತಿಪಟೂರು ಬೆಂಗಳೂರಿಗೆ ಪಶ್ಚಿಮಕ್ಕಿದೆ. ಶನಿವಾರ ಹೊರಡಲು ಅಡ್ಡಿಯಿಲ್ಲವೆಂದು ಅಜ್ಜಿ ಹೇಳಿಯಾಗಿದೆ.