ಇಬ್ಬರಿಗೂ ಒಂದೇ ಬಾಟಲಿಯಾ?

ಈ ಸಲ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನಲ್ಲಿ ಜಾತ್ರೆ. ತದಡಿಯಲ್ಲಿರುವ ನಮ್ಮಕ್ಕನ ಮಗನಿಗೆ ಐವತ್ತೆರಡು ಪರ್ಸೆಂಟ್. ಪಾಸಾದ್ನಲ್ಲ ಅಂತ ನಾನೊಂದು ಹೆಬ್ಬೆರಳು ಒತ್ತಿ ಮೀಟಿಂಗಿಗೆ ಹೋದೆ. ಬಂದು ನೋಡಿದರೆ ಸಂಬಂಧಿಕನೊಬ್ಬ ಬರೆದಿದ್ದ: 'ತಾಯಂಗೇ ಮಗ. ಓದು ಜೀನ್ಸಲ್ಲೇ ಬರ್ಬೇಕು. ನಮ್ಮ ಇಂಜಿನಿಯರ್ ಸಾಹೇಬ್ರದ್ದು ಬೇರೆ ಜೀನ್ಸು.' ಕೆಳಗೆ ನಾಲ್ಕೈದು ನಗೋ ಮುಖ. ಅಕ್ಕ ಓದಿರಬೇಕು. ಏನೂ ಬರೆದಿರಲಿಲ್ಲ. ನಾನೂ ಬರೆಯಲಿಲ್ಲ. ನಿಜ ಹೇಳ್ತೀನಿ, ಆ ಕೊನೇ ವಾಕ್ಯ ಓದಿ ಒಂದು ಕ್ಷಣ ಒಳಗೊಳಗೇ ಖುಷಿಯಾಯ್ತು.

ಆ ಖುಷಿ ಇಳಿದಿದ್ದು ಹಣ್ಣಿನ ನೊಣದ ದೆಸೆಯಿಂದ.

ನನ್ನ ಗೆಳೆಯನೊಬ್ಬ ನೊಣಗಳ ಮೇಲೆ ಪಿಎಚ್‌ಡಿ ಮಾಡ್ತಾನೆ. ಹಲಸಿನ ಹಣ್ಣು ಬಿಡಿಸಿಟ್ಟರೆ ಎಲ್ಲಿಂದಲೋ ಬಂದು ಮುತ್ತಿಕೊಳ್ಳುತ್ತಲ್ಲ, ಕೆಂಪು ಕಣ್ಣಿನ ಸಣ್ಣ ನೊಣ, ಅದೇ. ಲ್ಯಾಬಿನವರು ಡ್ರೊಸೊಫಿಲ ಅಂತಾರೆ. ಒಂದು ಶನಿವಾರ ಅವನ ಜತೆ ಲ್ಯಾಬಿಗೆ ಹೋಗಿದ್ದೆ. ಬೆರಳುದ್ದದ ಬಾಟಲಿಗಳ ಸಾಲು, ಬಾಯಿಗೆ ಹತ್ತಿ, ಅಡಿಯಲ್ಲಿ ಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಹಾಕಿ ಕಾಸಿದ ಗಂಜಿ. ಹುಳಿ ಬಂದ ದೋಸೆಹಿಟ್ಟಿನ ವಾಸನೆ.

'ಈ ನೊಣಕ್ಕೂ ಹಾರ್ಮೋನು ಉಂಟಾ?' ಅಂದೆ. ಅವನು ಒಂದು ಗಂಟೆ ಬಿಡಲಿಲ್ಲ.

ನೊಣದ ಮಿದುಳಿನಲ್ಲಿ ಲಕ್ಷದ ಮೇಲೆ ನರಕೋಶಗಳಿವೆ. ಹೆಚ್ಚಿನವು ಪಕ್ಕದವನಿಗೆ ಸುದ್ದಿ ಮುಟ್ಟಿಸಿ ಸುಮ್ಮನಾಗುವಂಥವು. ಅವುಗಳ ನಡುವೆ ಕೆಲವು ಮಾತ್ರ ಹಾರ್ಮೋನು ತಯಾರಿಸಿ, ಸಣ್ಣ ಸಣ್ಣ ಚೀಲದಲ್ಲಿ ಕಟ್ಟಿಟ್ಟುಕೊಂಡು, ಹೊತ್ತು ನೋಡಿ ಮೈಗೆಲ್ಲ ಬಿಡುತ್ತವೆ. ಇನ್ಸುಲಿನ್‌ನಂಥದ್ದನ್ನು ಬಿಡುವ ಹದಿನಾಲ್ಕು ನರಕೋಶ ಮಿದುಳಿನ ನಡುವೆಯೇ ಇವೆ. 2002ರಲ್ಲಿ ಅಮೆರಿಕದ ವಿಜ್ಞಾನಿಗಳು ಅವನ್ನಷ್ಟೇ ಸಾಯಿಸಿ ನೋಡಿದರು. ನೊಣ ಗಿಡ್ಡವಾಯ್ತು, ರಕ್ತದಲ್ಲಿ ಸಕ್ಕರೆ ಏರಿತು.

ಎಲ್ಲ ಜೀವಕೋಶದಲ್ಲೂ ಇರುವ ಡಿಎನ್‌ಎ ಒಂದೇ ತಾನೆ? ಮತ್ತೆ ಕೆಲವೇ ನರಕೋಶ ಹಾರ್ಮೋನಿನ ಕಾರ್ಖಾನೆ ಆಗೋದು ಹೇಗೆ? ನಮ್ಮ ಭಾಷೆಯಲ್ಲಿ ಹೇಳೋದಾದರೆ, ಕೋಡೆಲ್ಲ ಒಂದೇ, ಯಾವ ಮಾಡ್ಯೂಲ್ ಆನ್ ಆಗಬೇಕು ಅನ್ನೋದು ಬೇರೆ ಬೇರೆ. ಆ ಸ್ವಿಚ್‌ಗಳಲ್ಲಿ ಒಂದರ ಹೆಸರು 'ಡಿಮ್ಡ್'. 2003ರ ಹೊತ್ತಿಗೆ ಸಿಕ್ಕ ಜೀನ್. ಅದರಿಂದ ಬರುವ ಪ್ರೋಟೀನು ಬೇರೆ ಜೀನ್‌ಗಳ ಮೇಲೆ ಕೂತು ಅವನ್ನು ಎಬ್ಬಿಸುತ್ತೆ. ಹಾರ್ಮೋನು ಹದ ಮಾಡೋ ಜೀನ್, ಕಟ್ಟಿಡೋ ಜೀನ್, ಎಲ್ಲ ಒಟ್ಟಿಗೆ ಏಳುತ್ತವೆ. ಅದು ಕೆಟ್ಟರೆ ಆ ನರಕೋಶಗಳಲ್ಲಿ ಹಾರ್ಮೋನಿನ ದಾಸ್ತಾನು ಕುಗ್ಗುತ್ತೆ, ಬಣ್ಣ ಹಾಕಿ ನೋಡಿದರೆ ಮಂಕಾಗಿ ಕಾಣುತ್ತೆ. ಅದಕ್ಕೇ ಆ ಹೆಸರು.

ಇಷ್ಟೇ ಆಗಿದ್ದರೆ ಹೌದಪ್ಪ ಅಂತ ಕೇಳಿ ಮರೆತುಬಿಡ್ತಿದ್ದೆ. ಆಮೇಲೆ ಅವನು ಹೇಳಿದ್ದು ನಮ್ಮ ಬೆಂಗಳೂರಿನ ಕತೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಅಂತ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಗೈತಿ ಹಸನ್ ಅವರ ಲ್ಯಾಬ್ ದಶಕಗಳಿಂದ ಒಂದು ಬಾಗಿಲಿನ ಹಿಂದೆ ಬಿದ್ದಿದೆ. ಜೀವಕೋಶದ ಒಳಗೆ ಕ್ಯಾಲ್ಸಿಯಂ ಕೂಡಿಟ್ಟ ಉಗ್ರಾಣವಿರುತ್ತೆ. ಅದರ ಬಾಗಿಲು ಐಪಿ3 ರಿಸೆಪ್ಟರ್ ಎಂಬ ಪ್ರೋಟೀನು. ನೊಣದಲ್ಲಿ ಅದರ ಜೀನನ್ನು ಅವರು 1992ರಲ್ಲೇ ಗುರುತಿಸಿದ್ದರು. ಹಾರ್ಮೋನು ಬಿಡುವ ನರಕೋಶಗಳಲ್ಲಿ ಮಾತ್ರ ಆ ಬಾಗಿಲುಗಳನ್ನು ಕಡಿಮೆ ಮಾಡಿದರೆ ಏನಾಗುತ್ತೆ? ಅದನ್ನು ಅವರ ಲ್ಯಾಬ್ 2017ರಲ್ಲಿ ಪ್ರಕಟಿಸಿತು. ಆ ನರಕೋಶಗಳನ್ನು ಆರಿಸಲು ಬಳಸಿದ್ದು ಇದೇ ಡಿಮ್ಡ್ ಜೀನಿನ ಗುರುತು.

ಚೆನ್ನಾಗಿ ಊಟ ಹಾಕಿದರೆ ಅಂಥ ಮರಿಹುಳಗಳು ಸುಮಾರಾಗಿ ಉಳಿದವುಗಳ ಹಾಗೇ ಬೆಳೆದು ನೊಣವಾಗುತ್ತವೆ. ಆದರೆ ಒಂದು ಹಂತದವರೆಗೆ ಚೆನ್ನಾಗಿ ಉಂಡು ಬೆಳೆದ ಮರಿಹುಳವನ್ನು ಬರೀ ಸಕ್ಕರೆ ಇರುವ, ಪ್ರೋಟೀನ್ ಇಲ್ಲದ ಬಾಟಲಿಗೆ ಹಾಕಿದಾಗ ವ್ಯತ್ಯಾಸ ಗೊತ್ತಾಗುತ್ತೆ. ಮಾಮೂಲಿ ಹುಳ ಇದ್ದುದರಲ್ಲೇ ಸುಧಾರಿಸಿಕೊಂಡು ಪ್ಯೂಪಾ ಆಗುತ್ತೆ. ಬಾಗಿಲು ಕಡಿಮೆ ಇರುವ ಹುಳಗಳಲ್ಲಿ ಬಹಳಷ್ಟು ಅಲ್ಲೇ ನಿಲ್ಲುತ್ತವೆ. ಕ್ಯಾಲ್ಸಿಯಂ ಸರಿಯಾಗಿ ಬರದಿದ್ದರೆ ಆ ನರಕೋಶ ಪ್ರೋಟೀನು ತಯಾರಿಸೋದೇ ಕಡಿಮೆ, ಹಾರ್ಮೋನೂ ಕಡಿಮೆ. ಹೊಟ್ಟೆ ತುಂಬಿದ್ದಾಗ ಅಷ್ಟರಲ್ಲೇ ನಡೆದುಹೋಗುತ್ತೆ, ಬರಗಾಲದಲ್ಲಿ ನಡೆಯಲ್ಲ.

'ಹಾಗಾದ್ರೆ ಬರೀ ಸಕ್ಕರೆ ಬಾಟಲೀಲಿ ನಿಂತುಹೋದ ಹುಳದ್ದೆಲ್ಲ ಜೀನ್ ಕೆಟ್ಟಿದೆ ಅನ್ಬೋದಾ?' ಅಂದೆ.

ಗೆಳೆಯ ನಕ್ಕ. 'ಹಂಗೆ ಹೇಳ್ಬೇಕಾದ್ರೆ ಎರಡೂ ಥರದ ಹುಳಕ್ಕೆ ಒಂದೇ ಊಟ ಹಾಕಿರ್ಬೇಕು ಮಾರಾಯ. ಒಂದನ್ನ ಗಂಜಿ ಬಾಟಲೀಲಿ, ಇನ್ನೊಂದನ್ನ ಸಕ್ಕರೆ ಬಾಟಲೀಲಿ ಇಟ್ಟು ಜೀನ್ ಬಗ್ಗೆ ಮಾತಾಡಿದ್ರೆ ನಮ್ಮ ಗೈಡ್ ಓಡಿಸ್ತಾರೆ.'

ಮನೆಗೆ ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡೆ. ತಲೆಯಲ್ಲಿ ಅದೇ ಬಾಟಲಿ.

ನಮ್ಮದು ತದಡಿ. ಅಘನಾಶಿನಿ ಸಮುದ್ರ ಸೇರೋ ಜಾಗ. ಅಪ್ಪ ಬೋಟಿಗೆ ಹೋಗ್ತಿದ್ದ. ಮಳೆಗಾಲದಲ್ಲಿ ಬೋಟು ದಡದಲ್ಲಿ, ಈಗಂತೂ ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟು ನೀರಿಗಿಳಿಯೋ ಹಾಗಿಲ್ಲ. ಕಾಲೇಜಿನ ಫೀಸು ಕಟ್ಟೋದೂ ಅದೇ ಜೂನ್‌ನಲ್ಲಿ. ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಅಪ್ಪನಿಗೆ ಬೆನ್ನುನೋವು, ಮಳೆಗೆ ಮೊದಲೂ ಎರಡು ತಿಂಗಳು ಕೆಲಸಕ್ಕೆ ಹೋಗಿರಲಿಲ್ಲ. ಕುಮಟೆಯ ಕಾಲೇಜು, ದಿನಾ ಬಸ್ಸು. 'ಬಪ್ಪ ವರ್ಷ ಸೇರ್ದ್ರಾಯ್ತು' ಅಂದಳು ಅವ್ವಿ. ಅಕ್ಕ ಮೀನು ಒಣಗಿಸೋ ಕೆಲಸಕ್ಕೆ ಹೋದಳು. ಮಳೆ ಮುಗಿದ ಮೇಲೆ ಇಳಿತದ ಹೊತ್ತು ನೋಡಿ ಹೊಳೆಗಿಳಿದು ಬಳಚು ಆರಿಸಿದಳು. ಬಪ್ಪ ವರ್ಷ ಬರಲೇ ಇಲ್ಲ.

ಮೂರು ವರ್ಷಕ್ಕೆ ನನ್ನದೂ ಎಸ್ಸೆಸ್ಸೆಲ್ಸಿ ಆಯ್ತು. ಆಗ ಅಪ್ಪನ ಬೆನ್ನು ಸರಿಯಾಗಿತ್ತು, ಜತೆಗೆ ಅಕ್ಕನ ದುಡ್ಡಿತ್ತು. ನನ್ನ ಪಿಯುಸಿಯ ಮೊದಲ ಕಂತನ್ನು ಅವಳು ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನೋಟಿಗೂ ಒಣಮೀನಿನ ವಾಸನೆ.

ಅಂದರೆ ಹತ್ತನೇ ಕ್ಲಾಸಿನವರೆಗೆ ಇಬ್ಬರಿಗೂ ಒಂದೇ ಬಾಟಲಿ. ಆಮೇಲೆ ಅವಳನ್ನು ಸಕ್ಕರೆ ಬಾಟಲಿಗೆ ಹಾಕಿದರು, ನನ್ನನ್ನು ಗಂಜಿ ಬಾಟಲಿಯಲ್ಲೇ ಬಿಟ್ಟರು. ಗಂಜಿ ಕಾಸಿದ್ದೂ ಅವಳೇ. ಇಪ್ಪತ್ತು ವರ್ಷ ಆದಮೇಲೆ ಎಲ್ಲರೂ ಕೂತು ಜೀನ್ಸ್ ಅಂತಾರೆ. ನಾನೂ ಅಂದಿದ್ದೇನೆ. ಆಫೀಸಿನಲ್ಲಿ ಯಾರಾದರೂ 'ನಿಮ್ಮನೇಲಿ ಬೇರೆ ಯಾರೂ ಓದಿಲ್ವಾ?' ಅಂದರೆ, 'ಅಕ್ಕಂಗೆ ಅಷ್ಟು ಇಂಟರೆಸ್ಟ್ ಇರ್ಲಿಲ್ಲ' ಅಂತ ಎಷ್ಟು ಸಲೀಸಾಗಿ ಹೇಳಿದ್ದೀನೋ! ಕಂಟ್ರೋಲ್ ಗ್ರೂಪ್ ಇಲ್ಲದ ಎ-ಬಿ ಟೆಸ್ಟಿನ ರಿಸಲ್ಟ್ ತಂದರೆ ನನ್ನ ಜೂನಿಯರ್‌ಗೆ ಬೈತೀನಿ. ಮನೆಯ ವಿಷಯಕ್ಕೆ ಅದೇ ರಿಸಲ್ಟನ್ನು ನಂಬಿಕೊಂಡು ಕೂತಿದ್ದೆ.

ಇನ್ನೊಂದು ವಿಷಯ ಇದಕ್ಕಿಂತ ಚುಚ್ಚಿತು. ಬಾಗಿಲು ಕಡಿಮೆ ಇರೋ ಹುಳ ಗಂಜಿ ಬಾಟಲಿಯಲ್ಲಿ ಆರಾಮಾಗಿ ಬೆಳೆಯುತ್ತಲ್ಲ? ಆ ಹುಳ ನಾನೇ ಇರಬಹುದು. ಬರಗಾಲದಲ್ಲಿ ನನ್ನನ್ನು ಯಾರೂ ಇಟ್ಟು ನೋಡಿಲ್ಲ. ನಮ್ಮ ಹೊಳೆದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಅಂತ ಭತ್ತ ಬೆಳೀತಾರೆ. ಉಪ್ಪುನೀರು ನುಗ್ಗಿದರೂ ತಲೆಯೆತ್ತಿ ನಿಲ್ಲುತ್ತೆ. ಸಿಹಿನೀರಿನ ಗದ್ದೆಯ ಭತ್ತ ಎಷ್ಟೇ ಚೆನ್ನಾಗಿ ತೂಗಿದರೂ, ಉಪ್ಪಿಗೆ ಇಳಿಸಿ ನೋಡುವ ತನಕ ಅದರ ಗಟ್ಟಿತನ ಗೊತ್ತಾಗಲ್ಲ. ಅಕ್ಕ ಆ ಉಪ್ಪಿನಲ್ಲೇ ನಿಂತು ಮನೆ ನಡೆಸಿದವಳು.

ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಹುಳದ ಕತೆ ಹೇಳಿದೆ. ಪೂರ್ತಿ ಕೇಳಿ, 'ಅಯ್ಯೋ, ಊಟ ಹಾಕ್ದೆ ನೋಡ್ತ್ರಾ? ಪಾಪ' ಅಂದಳು. ಮಗನನ್ನು ಬೆಂಗಳೂರಿಗೆ ಕಳಿಸು, ಪಿಯುಸಿ ನಾನು ಓದಿಸ್ತೀನಿ ಅಂದೆ. 'ಅಂವ ಐಟಿಐ ಮಾಡ್ತೆ ಅಂತಿದ್ದ, ಅಂವನ್ನೇ ಕೇಳು. ನೀನೇ ತೀರ್ಮಾನ ಮಾಡ್ಬೇಡ' ಅಂದಳು. ಸರಿ ಅಂದೆ.

ಫೋನಿಟ್ಟ ಮೇಲೆ ಗ್ರೂಪಿನಲ್ಲಿ ಬರೆದೆ: 'ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅಕ್ಕಂಗೆ ನನಗಿಂತ ಹನ್ನೊಂದು ಮಾರ್ಕ್ಸ್ ಜಾಸ್ತಿ. ನನ್ನ ಪಿಯುಸಿ ಫೀಸು ಕಟ್ಟಿದ್ದು ಅವಳು. ಜೀನ್ಸ್ ವಿಚಾರ ಆಮೇಲೆ ಮಾತಾಡೋಣ.'

ಹತ್ತು ನಿಮಿಷ ಗ್ರೂಪು ತಣ್ಣಗಿತ್ತು. ಆಮೇಲೆ ಅಕ್ಕನ ಮೆಸೇಜ್ ಬಂತು.

'ಹನ್ನೊಂದಲ್ಲ. ಹದಿಮೂರು.'